ಯಾಕೋಬನೆಂದು ಓಗೊಟ್ಟ ಮೂರು ದಿನ

ಯಾರಾದರೂ ಕರೆದರೆ ಮೊದಲ ಕರೆಗೆ ನಾನು ಓಗೊಡುವುದಿಲ್ಲ. ಎರಡನೆಯ ಕರೆಗೂ ಒಂದು ಕ್ಷಣ ತಡೆಯುತ್ತೇನೆ. ಹೆಂಡತಿ ಇದನ್ನು ಕಿವಿಯ ದೋಷವೆಂದು ತಿಳಿದು ಒಮ್ಮೆ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಕಿವಿ ಸರಿಯಾಗಿಯೇ ಇತ್ತು. ವಿದ್ಯಾರ್ಥಿಗಳು ಇದನ್ನು ಮೇಷ್ಟ್ರ ಗತ್ತು ಎಂದುಕೊಂಡಿದ್ದಾರೆ, ಇರಲಿ. ಈ ಚಟ ಹುಟ್ಟಿದ್ದು ಹಗರಿಬೊಮ್ಮನಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ, ಒಂದು ಬೇಸಿಗೆಯಲ್ಲಿ, ನನಗೆ ಹತ್ತು ವರ್ಷವೂ ನನ್ನ ತಮ್ಮನಿಗೆ ಐದು ತಿಂಗಳೂ ಆಗಿದ್ದಾಗ. ಇತಿಹಾಸ ಓದಿದವನು ನಾನು. ಒಬ್ಬನೇ ಸಾಕ್ಷಿಯಿರುವ ಸಂಗತಿಯನ್ನು ಹಾಗೆಯೇ ಒಪ್ಪಬೇಡಿ ಎಂದು ತರಗತಿಯಲ್ಲಿ ಹೇಳುತ್ತಾ ಬಂದಿದ್ದೇನೆ. ಆ ಬೇಸಿಗೆಗೆ ಬಂದರೆ ಬಹಳಷ್ಟಕ್ಕೆ ನಾನೊಬ್ಬನೇ ಸಾಕ್ಷಿ. ಅದೂ ಹೆದರಿಕೆಯಿಂದ ಕಣ್ಣು ಮುಚ್ಚಿಕೊಂಡಿದ್ದ ಸಾಕ್ಷಿ. ಹಾಗಾಗಿ ಎಲ್ಲಿ ನನಗೆ ಖಾತ್ರಿಯಿಲ್ಲವೋ ಅಲ್ಲಿ ಇಲ್ಲವೆಂದೇ ಬರೆಯುತ್ತೇನೆ.

ಮನೆಯಲ್ಲಿ ಒಂದು ಪಡಸಾಲೆ, ಒಂದು ಅಡುಗೆಮನೆ, ಹಿಂದೆ ತಗಡಿನ ಬಚ್ಚಲು. ಪಡಸಾಲೆಯ ಬಾಗಿಲು ನೇರವಾಗಿ ಓಣಿಗೆ ತೆರೆಯುತ್ತಿತ್ತು. ಗೋಡೆಯ ಆಚೆ ಖಾಸಿಂಬಿಯ ಮನೆ; ಅವಳ ಎಮ್ಮೆ ಮೈ ತಿಕ್ಕಿಕೊಂಡರೆ ನಮ್ಮ ಗೂಟಕ್ಕೆ ನೇತುಹಾಕಿದ ಚೀಲ ಅಲ್ಲಾಡುತ್ತಿತ್ತು. ಅಪ್ಪ ಆರೋಗ್ಯ ಇಲಾಖೆಯಲ್ಲಿ ಮಲೇರಿಯಾ ಕೆಲಸಕ್ಕಿದ್ದ. ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಒತ್ತಿಸಿಕೊಂಡು, ಬಂದುಹೋದ ಗುರುತಿಗೆ ಮನೆಯ ಗೋಡೆಯ ಮೇಲೆ ಬರೆದು ಬರುವುದು ಅವನ ಕೆಲಸ. ಅವ್ವ ಶೇಂಗಾ ಮಿಲ್ಲಿನಲ್ಲಿ ಕಾಳು ಆರಿಸಲು ಹೋಗುತ್ತಿದ್ದಳು. ಸಂಜೆ ಅವಳ ಕೂದಲಲ್ಲಿ, ಸೆರಗಿನಲ್ಲಿ, ಬಡಿಸಿದ ರೊಟ್ಟಿಯಲ್ಲಿ ಕೂಡ ಶೇಂಗಾ ಸಿಪ್ಪೆಯ ಕೆಂಪು ಪೊರೆ ಸಿಗುತ್ತಿತ್ತು. ಅಪ್ಪ ಮದುವೆಯಾದ ಮೇಲೆ ಕ್ರೈಸ್ತನಾದವನು. ಅವ್ವ ಆಗಲಿಲ್ಲ. ಭಾನುವಾರ ನಮ್ಮ ಪಡಸಾಲೆಯಲ್ಲಿಯೇ ಐದಾರು ಮನೆಯವರು ಸೇರಿ ಪ್ರಾರ್ಥನೆ ಮಾಡುವಾಗ ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಗುರೆಳ್ಳು ಹುರಿಯುತ್ತಲೋ ಸೊಪ್ಪು ಸೋಸುತ್ತಲೋ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಹಾಗೆ ಕೇಳಿಸಿಕೊಂಡದ್ದರಲ್ಲಿ ತನಗೆ ಬೇಕಾದ್ದನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದಳು ಎಂದು ನನಗೆ ತಿಳಿದದ್ದು ಆಮೇಲೆ.

ನನಗಿಂತ ಮುಂಚೆ ಎರಡು ಮಕ್ಕಳು ಹುಟ್ಟಿ ವರ್ಷ ತುಂಬುವ ಮೊದಲೇ ಹೋಗಿದ್ದವು. ಇಬ್ಬರಿಗೂ ಅಪ್ಪ ಒಳ್ಳೊಳ್ಳೆಯ ಹೆಸರಿಟ್ಟಿದ್ದನಂತೆ. ನಾನು ಹುಟ್ಟಿದಾಗ ಅವ್ವ ತವರಾದ ನೀಲಗುಂದದಲ್ಲಿ ಮಾಡುವ ಹಾಗೆಯೇ ಮಾಡಿದಳು: ನನ್ನನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲಾಚೆ ಇಟ್ಟಳು, ಖಾಸಿಂಬಿ ಬಂದು ಒಂದು ಸೇರು ತೌಡು ಸುರಿದು ನನ್ನನ್ನು ಕೊಂಡುಕೊಂಡಳು, ಆಮೇಲೆ ಸಾಕಲೆಂದು ಅವ್ವನ ಕೈಗೇ ಕೊಟ್ಟಳು. ತೌಡಿಗೆ ಬಿಕರಿಯಾದ ಮಗು ಯಾರಿಗೆ ಬೇಕು? ಹುಡುಕಿಕೊಂಡು ಬರುವವನು ಕೂಡ ಮೂಗು ಮುರಿದು ಮುಂದಿನ ಮನೆಗೆ ಹೋಗುತ್ತಾನೆ. ಹೀಗೆ ನಾನು ತೌಡಪ್ಪನಾದೆ. ಶಾಲೆಯ ರಿಜಿಸ್ಟರಿನಲ್ಲೂ ಅದೇ. ಹುಡುಗರು ನಾನು ಬಂದಾಗ ಎಮ್ಮೆಯ ಹಾಗೆ ಕೂಗುತ್ತಿದ್ದರು. ನಾನು ಅಳುತ್ತಾ ಬಂದರೆ ಖಾಸಿಂಬಿ ತನ್ನ ಕಟ್ಟೆಯ ಮೇಲಿಂದಲೇ ಗದರುತ್ತಿದ್ದಳು.

"ಯಾರಲೇ ನನ್ನ ಮಗನ್ನ ಆಡ್ಕೊಂಡಾವ್ರು? ಒಂದು ಸೇರು ತೌಡು ಅಳದು ಕೊಟ್ಟೀನಿ ಇವಂಗ. ಅವ್ರಿಗೆ ಯಾರ್ ಕೊಟ್ಟಾರ? ಎಲ್ಲಾ ಪುಕ್ಕಟೆ ಬಂದಾವು!"

ಅಪ್ಪನಿಗೆ ಈ ಹೆಸರು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಆದರೆ ನಾನು ಬದುಕಿದ್ದೆ. ಅದರ ಎದುರು ಅವನ ಮಾತು ನಡೆಯುತ್ತಿರಲಿಲ್ಲ.

ಆ ದಿನಗಳಲ್ಲಿ ಅಪ್ಪ ಅಂಚೆಯಲ್ಲಿ ಬರುವ ಬೈಬಲ್ ಪಾಠಕ್ಕೆ ಸೇರಿದ್ದ. ತಿಂಗಳಿಗೊಂದು ಪುಸ್ತಕ, ಕೊನೆಯಲ್ಲಿ ಪ್ರಶ್ನೆಗಳು, ಉತ್ತರ ಬರೆದು ಕಳಿಸಿದರೆ ಅಂಕ ಹಾಕಿ ವಾಪಸು. ಒಂದು ಪಾಠಕ್ಕಾಗಿ ಅವನು ಕನ್ನಡದ ಬೈಬಲನ್ನೂ ಎಲ್ಲಿಂದಲೋ ತಂದ ಇಂಗ್ಲಿಷಿನದನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುತ್ತಿದ್ದಾಗ ಎಡವಿದ. ಕನ್ನಡದಲ್ಲಿ ಯಾಕೋಬ ಇಬ್ಬರು: ಹಳೆಯ ಒಡಂಬಡಿಕೆಯ ಮೂಲಪುರುಷ ಒಬ್ಬ, ಹೊಸ ಒಡಂಬಡಿಕೆಯಲ್ಲಿ ಪತ್ರ ಬರೆದವನೊಬ್ಬ. ಇಂಗ್ಲಿಷಿನಲ್ಲಿ ಮೊದಲನೆಯವನು ಜೇಕಬ್, ಎರಡನೆಯವನು ಜೇಮ್ಸ್. ಅಚ್ಚಿನ ತಪ್ಪಿರಬೇಕೆಂದು ಪಾಠದ ಕಚೇರಿಗೆ ಕಾಗದ ಬರೆದ. ಅಲ್ಲಿಂದ ಯಾರೋ ಪುಣ್ಯಾತ್ಮ ಹೆಸರುಗಳ ಒಂದು ಪಟ್ಟಿಯನ್ನೇ ಕಳಿಸಿಕೊಟ್ಟ. ಅಪ್ಪ ಅದನ್ನು ಇಲಾಖೆಯ ಹಳೆಯ ಸೊಳ್ಳೆ ಚಿತ್ರಪಟದ ಬೆನ್ನಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ನಕಲು ಮಾಡಿ ಪಡಸಾಲೆಯ ಗೋಡೆಗೆ ಮೊಳೆ ಹೊಡೆದ. ಎಡಕ್ಕೆ ಹೀಬ್ರೂ, ಆಮೇಲೆ ಗ್ರೀಕ್, ಲ್ಯಾಟಿನ್, ಇಂಗ್ಲಿಷ್, ಕೊನೆಗೆ ಕನ್ನಡ. ಎಲ್ಲವೂ ಕನ್ನಡ ಲಿಪಿಯಲ್ಲೇ. ಬೆಳಕು ಒಂದು ಕಡೆಯಿಂದ ಬಿದ್ದಾಗ ಹೀಬ್ರೂ ಸಾಲಿನ ಹಿಂದೆ ಸೊಳ್ಳೆಯ ಕಾಲುಗಳು ಮಸಕಾಗಿ ಕಾಣುತ್ತಿದ್ದವು. (ತಮ್ಮ ಹೇಳುವಂತೆ ಆ ಪಟ ಗೋಡೆಯ ಮೇಲೆ ಇರಲೇ ಇಲ್ಲ, ಸುರುಳಿ ಸುತ್ತಿ ಟ್ರಂಕಿನಲ್ಲಿತ್ತು. ಅವನು ಹೇಳುವುದು ಮುಂದಿನ ವರ್ಷಗಳ ಮಾತಿರಬಹುದು.)

ಊಟಕ್ಕೆ ಕೂತಾಗ ಅಪ್ಪನಿಗೆ ಬೇರೆ ವಿಷಯವೇ ಇರಲಿಲ್ಲ.

"ನೋಡು, ಹೀಬ್ರೂದಾಗ ಯೋಹಾನಾನ್. ಅದು ಗ್ರೀಕರ ಕೈಗೆ ಸಿಕ್ಕು ಇಯೋವಾನ್ನೆಸ್ ಆತು. ಅವ್ರಿಗೆ ಗಂಡಸಿನ ಹೆಸರಿನ ಕಡೀಗೆ ಒಂದು 'ಸ್' ಇರಬೇಕಂತ. ಇಂಗ್ಲಿಷಿನಾವ್ರು ಅದನ್ನ ಜಾನ್ ಅಂತ ಮೊಂಡ ಮಾಡಿಬಿಟ್ರು. ಹವ್ವ ಅನ್ನಾಕಿ ಅಲ್ಲಿಗೆ ಹೋಗಿ ಈವ್ ಆಗ್ಯಾಳ. ಯೇಸು ಸ್ವಾಮಿ ಹೆಸರ ಹೀಬ್ರೂದಾಗ ಯೇಶುವ. ಗ್ರೀಕರ ನಾಲಿಗ್ಗೆ 'ಶ' ಹೊಳ್ಳತಿದ್ದಿಲ್ಲಂತ."

"ಮತ್ತ ಕರದ್ರ ಓ ಅಂತಾನೇನ್ರಿ, ಹಂಗೆಲ್ಲಾ ಕರದ್ರ?" ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಅನ್ನಂಗಿಲ್ಲೇನು? ದೇವ್ರಿಗೆ ಎಲ್ಲಾ ಭಾಷೆ ಬರ್ತಾವು."

"ದೇವ್ರಿಗೆ ಬರ್ತಾವು. ಬ್ಯಾರೇದಕ್ಕ?"

ಬೇರೆಯದು ಎಂದರೆ ಏನೆಂದು ಅಪ್ಪ ಕೇಳಲಿಲ್ಲ. ಮಕ್ಕಳನ್ನು ಹುಡುಕಿಕೊಂಡು ಬರುವುದು ಎಂದು ಮೂವರಿಗೂ ಗೊತ್ತಿತ್ತು. ಅವನು ಮಾತು ಮರೆಸಲೆಂದು ಯಾಕೋಬನ ಸಾಲಿಗೆ ಹೋದ. ಯಾಕೋವ್ ಎಂಬುದು ಇಯಾಕೋಬೊಸ್ ಆಗಿ, ಇಯಾಕೋಬುಸ್ ಆಗಿ, ಜನರ ಬಾಯಲ್ಲಿ ಸವೆದು ಇಯಾಕೋಮುಸ್ ಆಗಿ, ಫ್ರಾನ್ಸ್ ದಾಟುವಷ್ಟರಲ್ಲಿ ಜೇಮ್ ಆಗಿ, ಸಮುದ್ರ ದಾಟಿ ಜೇಮ್ಸ್ ಆಯಿತು ಎಂದು ಬೆರಳಿನಿಂದ ಗಾಳಿಯಲ್ಲಿ ದಾರಿ ತೋರಿಸಿದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಲ್ಲಿಂದ ಹೊರಟವನಿಗೂ ಇಲ್ಲಿ ಮುಟ್ಟಿದವನಿಗೂ ಒಂದಾದರೂ ಹೋಲಿಕೆ ಉಳಿದಿದೆಯೇ ಎಂದು ಕೇಳಿದಳು. ಏನೂ ಇಲ್ಲ ಎಂದು ಅಪ್ಪ ಹೆಮ್ಮೆಯಿಂದ ಹೇಳಿದ, ತಾನೇ ಅದನ್ನೆಲ್ಲ ಮಾಡಿದವನ ಹಾಗೆ.

"ಗುರುತ ಸಿಗಂಗಿಲ್ಲ ಹಂಗಾರ" ಎಂದಳು ಅವ್ವ. ಅವಳ ಮುಖದಲ್ಲಿ ಆಗ ಕಂಡದ್ದು ಸಮಾಧಾನ ಎಂದು ನನ್ನ ನೆನಪು.

ಅದೇ ಕಾಲಕ್ಕೆ ಊರಲ್ಲೆಲ್ಲ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಯತೊಡಗಿದ್ದರು. ಯಾವುದೋ ಹೆಣ್ಣು ದೆವ್ವ ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓ ಅಂದವನು ಉಳಿಯುವುದಿಲ್ಲ ಎಂಬ ಸುದ್ದಿ. ಕೂಡ್ಲಿಗಿಯಲ್ಲಿ ಒಬ್ಬ ಹೋದನಂತೆ, ಕೊಟ್ಟೂರಿನಲ್ಲಿ ಇಬ್ಬರಂತೆ. ಬಸ್ಸಿನ ಜೊತೆಗೆ ಸುದ್ದಿಯೂ ಬಂದಿಳಿಯುತ್ತಿತ್ತು. ಓಣಿಯಲ್ಲಿ ಬರೆಯದ ಬಾಗಿಲು ನಮ್ಮದೊಂದೇ. ದಿನವಿಡೀ ಪರರ ಗೋಡೆಗಳ ಮೇಲೆ ಬರೆಯುವ ಅಪ್ಪ ತನ್ನ ಬಾಗಿಲಿಗೆ ಒಂದಕ್ಷರ ಬರೆಯಲು ಒಪ್ಪಲಿಲ್ಲ. ಶಾಲೆಯಿಂದ ಬರುವಾಗ ಆ ಬೋಳು ಬಾಗಿಲು ದೂರದಿಂದಲೇ ಕಂಡು ನಾನು ಹಿತ್ತಿಲಿನಿಂದ ಸುತ್ತಿ ಒಳಗೆ ಹೋಗುತ್ತಿದ್ದೆ.

ತಮ್ಮನಿಗೆ ಐದು ತಿಂಗಳಾದರೂ ಹೆಸರಿರಲಿಲ್ಲ. ಕೂಸು ಎನ್ನುತ್ತಿದ್ದೆವು. ಇವನನ್ನೂ ತೌಡಿಗೆ ಕೊಡೋಣವೆಂದು ಅವ್ವ ಮೊರ ತೊಳೆದಿಟ್ಟಿದ್ದಳು. ಹೆರಿಗೆಯಾದ ದಿನವೇ ಅಪ್ಪ ಆ ಮೊರವನ್ನು ಹಿತ್ತಿಲಿಗೆ ಎಸೆದಿದ್ದ. ಹತ್ತು ವರ್ಷ ಸೋತವನು ಈ ಸಲ ಸೋಲಲು ತಯಾರಿರಲಿಲ್ಲ. ತಿಂಗಳಿಗೊಮ್ಮೆ ಹೊಸಪೇಟೆ ಕಡೆಯಿಂದ ಬರುತ್ತಿದ್ದ ಸಭೆಯ ಪಾದ್ರಿ ಅಯ್ಯನವರು ಬಂದ ಭಾನುವಾರ, ಅವ್ವ ನೀರಿಗೆ ಹೋಗಿದ್ದಾಗ, ಅಪ್ಪ ಕೂಸನ್ನೆತ್ತಿ ಅವರ ಕೈಗೆ ಕೊಟ್ಟ. ಹಣೆಗೆ ನೀರು ಮುಟ್ಟಿಸಿದರು. ಯಾಕೋಬ ಎಂದು ಅಷ್ಟೂ ಜನ ಒಂದೇ ದನಿಯಲ್ಲಿ ಹೇಳಿದರು. ನಾನೂ ಹೇಳಿದೆ. ಜೋರಾಗಿಯೇ ಹೇಳಿದೆ, ತಮ್ಮನಿಗೆ ಎಮ್ಮೆಯ ಹೆಸರು ಬರಲಿಲ್ಲವಲ್ಲ ಎಂಬ ಖುಷಿ, ಹೊಟ್ಟೆಕಿಚ್ಚು ಎರಡೂ ಇದ್ದವು. ಅವ್ವ ಕೊಡ ಹೊತ್ತು ಬಂದು ಬಾಗಿಲಲ್ಲಿ ನಿಂತಾಗ ಎಲ್ಲರೂ ನಗುತ್ತಿದ್ದರು. ಅವಳು ಕೊಡ ಇಳಿಸದೆ ಕೇಳಿದಳು:

"ಎಷ್ಟ್ ಮಂದಿ ಅಂದ್ರಿ ಹೆಸರ?"

ಅವಳು ತೆರೆದಿದ್ದ ಬಾಗಿಲಾಚೆ ಓಣಿಯ ಕಡೆ ಒಮ್ಮೆ ತಿರುಗಿ ನೋಡಿದಳು.

"ಓಣಿಗೆಲ್ಲಾ ಕೇಳಂಗ ಅಂದ್ರಿ. ಬಾಗಲಾ ತಗದ ಇಟ್ಟು ಅಂದ್ರಿ" ಎಂದು ಒಳಗೆ ಹೋದಳು. ಅಯ್ಯನವರಿಗೆ ಊಟ ಮಾತ್ರ ಚೆನ್ನಾಗಿಯೇ ಬಡಿಸಿದಳು. ಊಟದ ಮೇಲೆ ಅವರು ಅವಳನ್ನು ಒಲಿಸಲೆಂದು ಯಾಕೋಬನ ಕಥೆ ಹೇಳಿದರು. ಅಣ್ಣ ಏಸಾವನಿಗೆ ಮೈತುಂಬ ಕೂದಲು, ತಮ್ಮ ಯಾಕೋಬನದು ನುಣುಪು ಮೈ. ಕಣ್ಣು ಕಾಣದ ಮುದಿ ತಂದೆ ಸಾಯುವ ಮುಂಚೆ ದೊಡ್ಡವನನ್ನು ಹರಸಬೇಕೆಂದಿದ್ದ. ತಾಯಿ ಚಿಕ್ಕವನ ಕೈಗೆ ಆಡಿನ ಮರಿಯ ಚರ್ಮ ಸುತ್ತಿ ಕಳಿಸಿದಳು. ಯಾರು ನೀನು ಎಂದು ತಂದೆ ಕೇಳಿದ್ದಕ್ಕೆ ಅವನು ಅಣ್ಣನ ಹೆಸರು ಹೇಳಿ ಆಶೀರ್ವಾದ ಪಡೆದ. ಅಯ್ಯನವರು ಕಥೆಯನ್ನು ದೇವರ ಚಿತ್ತ ಎಂಥದ್ದು ಎನ್ನುವಲ್ಲಿಗೆ ತರಬೇಕೆಂದಿದ್ದರು. ಅವ್ವ ನಡುವೆಯೇ ತಡೆದಳು.

"ಅಣ್ಣನ ಹೆಸರ ಹೇಳಿದ್ನಾ?"

"ಹೌದಮ್ಮಾ."

"ಹಿಂಗ ಹೇಳು ಅಂತ ಹೇಳಿಕೊಟ್ಟಾಕಿ ತಾಯಿ?"

"ತಾಯೀನೇ."

"ಹೂಂ" ಎಂದು ಅವ್ವ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಎಂಟು ದಿನಕ್ಕೋ ಹತ್ತು ದಿನಕ್ಕೋ ಕೂಸಿಗೆ ಜ್ವರ ಬಂತು. ಮೊದಲ ದಿನ ಅಪ್ಪನೇ ಮಾತ್ರೆ ಪುಡಿಮಾಡಿ ಕೊಟ್ಟ, ಬೆರಳು ಚುಚ್ಚಿ ರಕ್ತ ತೆಗೆದ. ಮರುದಿನ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಒಯ್ದು ಇಂಜೆಕ್ಷನ್ ಹಾಕಿಸಿ ತಂದರು. ಕೂಸು ಹಾಲು ಹಿಡಿಯಲಿಲ್ಲ. ಅಳು ನಿಂತು ಬರೀ ನರಳಿಕೆ ಉಳಿಯಿತು. ನನಗೆ ಆ ನರಳಿಕೆಗಿಂತ ಅಪ್ಪನ ಮುಖ ನೋಡಿ ಭಯವಾಯಿತು. ಹಳ್ಳಿಹಳ್ಳಿಯಲ್ಲಿ ಜ್ವರ ಕಂಡವನು, ಆದರೆ ಆ ದಿನ ಕೂಸಿನ ಕಂಕುಳಲ್ಲಿ ಕೈಯಿಟ್ಟು ತೆಗೆದವನು ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಅವನು ಔಷಧಿಗೆಂದು ಹೊರಗೆ ಹೋದ ಮೇಲೆ ಅವ್ವ ನನ್ನನ್ನು ಪಟದ ಮುಂದೆ ನಿಲ್ಲಿಸಿದಳು.

"ಓದು. ಕೂಸಿನ ಹೆಸರಿನ ಸಾಲು ಎಲ್ಲೈತಿ, ಓದು."

ಓದಿದೆ. ಎಡದಿಂದ ಬಲಕ್ಕೆ ಓದಿದೆ. ಮತ್ತೊಮ್ಮೆ ಓದಿಸಿದಳು. ನಾನು ಜೇಮ್ಸ್ ಎಂದಾಗ ಅದನ್ನು ಬಾಯಲ್ಲಿ ಹೊರಳಿಸಿ ನೋಡಿದಳು, ನಾಲಿಗೆಗೆ ಬರಲಿಲ್ಲ. ಅರ್ಧ ದಿನ ಹಾಗೆ ಕರೆದಳೆಂದು ನೆನಪು, ಜೇಮ್ಸಾ, ಜೇಮ್ಸಾ ಎಂದು ಕೂಸಿನ ಕಿವಿಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಜ್ವರ ಇನ್ನೂ ಏರಿತು. ಆಗ ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ನನ್ನನ್ನೇ ನೋಡಿದಳು. ಆ ನೋಟವನ್ನು ನಾನು ಮರೆಯಲಾರೆ. ಆದರೆ ಮರೆಯಲಾರದ್ದನ್ನೇ ಮನಸ್ಸು ಹೆಚ್ಚು ತಿದ್ದಿರುತ್ತದೆ ಎಂಬುದೂ ಗೊತ್ತು.

"ತೌಡ್ಯಾ, ಇಲ್ಲಿ ಬಾ. ನೀ ಇವತ್ತಿಂದ ತೌಡಪ್ಪ ಅಲ್ಲ. ಇವ ತೌಡಪ್ಪ. ತಿಳೀತಾ?"

"ಮತ್ತ ನಾನು?"

"ನೀನು ಯಾಕೋಬ. ನಾ ಬಾಗಲದಾಗ ನಿಂತು ಯಾಕೋಬಾ ಅಂತ ಕರೀತೀನಿ. ನೀ ಓಣಿಯಿಂದ ಓ ಅನ್ನಬೇಕು. ಜೋರಾಗಿ ಅನ್ನಬೇಕು. ಎಲ್ಲಾರ್ಗೂ ಕೇಳಬೇಕು."

ಹತ್ತು ವರ್ಷದ ಮಗುವಿಗೆ ಅರ್ಥವಾಗದೆ ಇರಲು ಇದರಲ್ಲಿ ಏನಿತ್ತು? ಪರೀಕ್ಷೆ ಮಾಡಿದ ಹೆಸರು ನನ್ನದು. ಹತ್ತು ವರ್ಷ ಕಾಯ್ದ ಹೆಸರು. ಅದನ್ನು ನನ್ನ ಮೈಯಿಂದ ಬಿಚ್ಚಿ ಕೂಸಿಗೆ ಹೊದಿಸಿದ್ದಳು. ಹುಡುಕಿಕೊಂಡು ಬಂದಿರುವುದರ ಕೈಯಲ್ಲಿರುವ ಹೆಸರನ್ನು ನನಗೆ ಕೊಟ್ಟಿದ್ದಳು. ಬಾಗಿಲ ಮೇಲೆ ನಾಳೆ ಬಾ ಎಂದು ಕೂಡ ಇರಲಿಲ್ಲ.

ಮೊದಲ ಸಲ ಅವಳು ಕರೆದದ್ದು ಓಣಿಯ ಹೆಂಗಸರೆಲ್ಲ ನಲ್ಲಿಗೆ ಸೇರಿದ್ದಾಗ. ನಾನು ಎದುರಿನ ಕಟ್ಟೆಯ ಮೇಲೆ ಕೂತಿದ್ದೆ. ಯಾಕೋಬಾ! ಎಂದಳು, ಜಗಳಕ್ಕೆ ಕರೆದ ಹಾಗೆ. ಓ ಎಂದೆ. ದನಿ ಒಡೆಯಿತು. ಹೆಂಗಸರು ತಿರುಗಿ ನೋಡಿ, ಯಾವಾಗ ಬದಲ್ಯಾತಬೇ ಹೆಸರು ಎಂದು ಕೇಳಿದರು. ಅವ್ವ ನಗುತ್ತಾ, ಇದ ಇವನ ಖರೇ ಹೆಸರ ನೋಡ್ರಿ ಎಂದಳು. ಅವಳು ನಕ್ಕಳಲ್ಲ, ಅದು ನನ್ನನ್ನು ಹೆಚ್ಚು ಹೆದರಿಸಿತು. ದಿನಕ್ಕೆ ಮೂರು ಸಲ, ನೀರಿನ ಹೊತ್ತಿಗೆ, ಉಣ್ಣುವ ಹೊತ್ತಿಗೆ, ದೀಪ ಹಚ್ಚುವ ಮುಂಚೆ. ಪ್ರತಿ ಸಲ ಓ ಎಂದ ಮೇಲೆ ನಾನು ಮೈಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹಣೆ ಬಿಸಿಯಿದೆಯೇ, ಕಾಲು ತಣ್ಣಗಾಗಿವೆಯೇ? ಬೇಸಿಗೆಯ ಬಿಸಿಲಿಗೆ ಹಣೆ ಬಿಸಿಯೇ ಇರುತ್ತಿತ್ತು. ಅಪ್ಪನಿಗೆ ಇದು ತಿಳಿದಿತ್ತೇ? ಅವನು ಕೊನೆಯವರೆಗೂ ತನಗೇನೂ ಗೊತ್ತಿರಲಿಲ್ಲ ಎಂದೇ ಹೇಳಿದ. ಆದರೆ ಎರಡನೆಯ ಸಂಜೆ ಅವನು ಪಡಸಾಲೆಯಲ್ಲಿಯೇ ಮಂಡಿಯೂರಿ ಕೂತಿದ್ದಾಗ ಅವ್ವ ಕರೆದಳು, ನಾನು ಓ ಎಂದೆ, ಅವನ ಬೆನ್ನು ಒಮ್ಮೆ ಅದುರಿತು, ಅವನು ತಿರುಗಲಿಲ್ಲ. ಇದನ್ನು ನಾನು ಕಂಡಿದ್ದೇನೆ ಎಂದೇ ನನ್ನ ನಂಬಿಕೆ.

ಮೂರನೆಯ ದಿನ ಮಧ್ಯಾಹ್ನ ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಅಪ್ಪ ಒಳಗೆ ಕೂಸಿಗೆ ಒದ್ದೆ ಬಟ್ಟೆ ಹಾಕುತ್ತಿದ್ದ. ನಾನು ಖಾಸಿಂಬಿಯ ಕೊಟ್ಟಿಗೆಯ ಹಿಂದೆ ಎಮ್ಮೆಯ ನೆರಳಿನಲ್ಲಿ ಕೂತಿದ್ದೆ. ಕಂಡರೆ ತಾನೇ ಕರೆಯುವುದು? ಅವ್ವ ಬಾಗಿಲಿಗೆ ಬಂದಳು.

"ಯಾಕೋಬಾ!"

ನಾನು ಬಾಯಿ ತೆರೆಯಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಆಮೇಲೆ ಕಿವಿ ಮುಚ್ಚಿಕೊಂಡೆ. ಕಣ್ಣೂ ಮುಚ್ಚಿದ್ದವು. ಎಷ್ಟು ಹೊತ್ತು ಹಾಗಿದ್ದೆನೋ. ಕಿವಿ ಬಿಟ್ಟಾಗ ಮನೆಯೊಳಗಿಂದ ಅಪ್ಪ ಕೂಗಿಕೊಳ್ಳುತ್ತಿದ್ದ. ಓಡಿಹೋಗಿ ನೋಡಿದರೆ ಕೂಸಿನ ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು, ಕೈಕಾಲು ಸೆಟೆದು ಬಡಿಯುತ್ತಿದ್ದವು. ಯಾರೋ ಜೀಪು ತಂದರು. ಅಪ್ಪ, ಅವ್ವ, ಕೂಸು ಹೊಸಪೇಟೆಗೆ ಹೋದರು. ಹೋಗುವಾಗ ಅವ್ವ ನನ್ನ ಕಡೆ ನೋಡಲಿಲ್ಲ. ನಾನು ಓ ಅನ್ನಲಿಲ್ಲ, ಅದಕ್ಕೇ ಅದು ಬಾಗಿಲಲ್ಲಿ ತಡೆಯದೆ ಒಳಗೆ ಹೋಗಿ ಕೂಸನ್ನು ಹಿಡಿಯಿತು ಎಂದು ನನಗೆ ಖಚಿತವಾಗಿ ತಿಳಿಯಿತು. ಅಷ್ಟು ಖಚಿತವಾಗಿ ನಾನು ಆಮೇಲೆ ಏನನ್ನೂ ತಿಳಿದಿಲ್ಲ.

ಎರಡು ದಿನ ಖಾಸಿಂಬಿಯ ಮನೆಯಲ್ಲಿದ್ದೆ. ಅನ್ನ ಸೇರಲಿಲ್ಲ. ಗದರಿಸಿ ಕೇಳಿದಾಗ ಎಲ್ಲವನ್ನೂ ಹೇಳಿದೆ, ಕೊನೆಯ ದಿನ ಓ ಅನ್ನದೆ ಕೂತದ್ದೊಂದನ್ನು ಬಿಟ್ಟು. ಅವಳು ಎಲೆ ಅಡಿಕೆ ಉಗುಳಿ ಬಂದು ಕೂತಳು.

"ನಿಮ್ಮವ್ವಗ ತಲಿ ಕೆಟ್ಟೈತಿ. ಮಾರಿದ ಮಗನ ಹೆಸರ ಬದಲ್ ಮಾಡಾಕ ಆಕಿಗೇನ್ ಹಕ್ಕೈತಿ? ಕೊಂಡಾಕಿ ನಾನು. ಮತ್ತ ಯಾಕೋಬ ಅಂದ್ರ ಏನ್ ಬ್ಯಾರೆ? ನಮ್ಮಲ್ಲಿ ಯಾಕೂಬ್ ಅದಾನ. ನಮ್ಮ ಮಾವನ ಹೆಸರ ಯಾಕೂಬ್. ಎಂಬತ್ತು ವರ್ಷ ಬದುಕಿ, ನನ್ನ ಜೀವಾ ತಿಂದು ಹೋದ, ಮುದುಕ!"

ನನಗೆ ಅದರಿಂದ ಧೈರ್ಯ ಬಂದಿತೆಂದು ಬರೆದರೆ ಚೆನ್ನಾಗಿರುತ್ತದೆ. ಬರಲಿಲ್ಲ. ಅಪ್ಪನ ಪಟದಲ್ಲಿಲ್ಲದ ಇನ್ನೊಂದು ದಾರಿಯಿದೆ, ಆ ಹೆಸರು ಈ ಮನೆಗೂ ಬಂದು ಹೋಗಿದೆ, ಅದಕ್ಕೆ ಎಲ್ಲ ಮನೆಗಳ ಗುರುತೂ ಉಂಟು ಎಂದಷ್ಟೇ ಅನಿಸಿತು.

ಕೂಸು ಬದುಕಿ ಬಂತು. ತೂಕ ಇಳಿದು, ಸೂಜಿ ಹಾಕಲೆಂದು ತಲೆಯ ಒಂದು ಕಡೆ ಕೂದಲು ಬೋಳಿಸಿಕೊಂಡು, ಹಸಿದುಕೊಂಡು ಬಂತು. ಔಷಧಿಯಿಂದ ಎಂದ ಅಪ್ಪ, ಆಮೇಲೆ ಪ್ರಾರ್ಥನೆಯಿಂದ ಎಂದೂ ಸೇರಿಸಿದ. ಅವ್ವ ಏನೂ ಹೇಳಲಿಲ್ಲ. ಆದರೆ ಹೆಸರುಗಳನ್ನು ವಾಪಸು ಮಾಡಲಿಲ್ಲ. ಮನೆಯಲ್ಲಿ ತಮ್ಮ ತೌಡಪ್ಪನಾಗಿಯೇ ಬೆಳೆದ. ಶಾಲೆಗೆ ಸೇರಿಸುವಾಗ ಅಪ್ಪ ಜೇಮ್ಸ್ ಎಂದು ಬರೆಸಿದ. ನನ್ನನ್ನು ಅವ್ವ ಯಾವ ಹೆಸರಿನಿಂದಲೂ ಕರೆಯುವುದನ್ನು ಬಿಟ್ಟಳು. ಲೇ, ದೊಡ್ಡಾವ್ನೆ, ಅಷ್ಟೇ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುವಾಗ ತೌಡಪ್ಪ ಎಂದರೆ ಎರಡನೆಯ ಸಲ ಕೂಗುವವರೆಗೆ ಓ ಎನ್ನುತ್ತಿರಲಿಲ್ಲ. ಓ ಎಂದರೆ ಕೂಸಿನ ಹೊದಿಕೆಯನ್ನು ನಾನು ಎಳೆದುಕೊಂಡಂತೆ. ಯಾಕೋಬ ಎಂದು ಯಾರಾದರೂ ಓದಿದರೂ ಬಾಗಿಲ ಕಡೆ ನೋಡುತ್ತಿದ್ದೆ. ಹೀಗೆ ಕರೆದರೆ ತಡೆದು ನೋಡುವವನಾದೆ. ನನ್ನ ಅಪನಂಬಿಕೆ ಪುಸ್ತಕ ಓದಿ ಬಂದದ್ದೆಂದು ಬಹಳ ಕಾಲ ಅಂದುಕೊಂಡಿದ್ದೆ. ಅಲ್ಲ, ನಂಬಿದರೆ ನಾನು ತಮ್ಮನನ್ನು ಹಿಡಿದುಕೊಟ್ಟವನಾಗುತ್ತಿದ್ದೆ, ಅವ್ವ ನನ್ನನ್ನು ಹಿಡಿದುಕೊಟ್ಟವಳಾಗುತ್ತಿದ್ದಳು. ನಂಬದೆ ಬೇರೆ ದಾರಿಯಿರಲಿಲ್ಲ. ಎಂ.ಎ. ಓದುವಾಗ ಗ್ರಂಥಾಲಯದಲ್ಲಿ ಒಂದು ದಿನ, ಆ ಹೀಬ್ರೂ ಜನರಲ್ಲಿಯೂ ಕಾಯಿಲೆ ಬಿದ್ದವರ ಹೆಸರು ಬದಲಿಸಿ ಸಾವಿನ ದೂತನ ದಿಕ್ಕು ತಪ್ಪಿಸುವ ಪದ್ಧತಿಯಿತ್ತು ಎಂದು ಓದಿದೆ. ಪಟದ ಬಲತುದಿಯಲ್ಲಿ ನಿಂತಿದ್ದ ಅಕ್ಷರ ಬಾರದ ಹೆಂಗಸು ಎಡತುದಿಯವರ ಕೆಲಸವನ್ನೇ ಮಾಡಿದ್ದಳು. ಇದನ್ನು ಓದಿ ಸಂತೋಷವಾಗಬೇಕಿತ್ತು. ಪುಸ್ತಕ ಮುಚ್ಚಿ ಹೊರಗೆ ಬಂದು ಹಣೆ ಮುಟ್ಟಿ ನೋಡಿಕೊಂಡೆ.

ತಮ್ಮನನ್ನು ಹರಪನಹಳ್ಳಿಯ ಕಾಲೇಜಿಗೆ ಸೇರಿಸಲು ಹೋದ ದಿನ ನಾನು ಅವ್ವನನ್ನು ಕೇಳಿಯೇಬಿಟ್ಟೆ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಕಚೇರಿಯ ಕಿಟಕಿಯ ಮುಂದೆ ಉದ್ದ ಸಾಲು. ಅರ್ಜಿ ಕೊಟ್ಟವರ ಹೆಸರನ್ನು ಗುಮಾಸ್ತ ಒಬ್ಬೊಬ್ಬರದಾಗಿ ಕೂಗುತ್ತಿದ್ದ. ತಮ್ಮ ಝೆರಾಕ್ಸ್ ಮಾಡಿಸಿಕೊಂಡು ಬರಲು ಹೋಗಿದ್ದ. ಅವ್ವ ಬೆಂಚಿನ ಮೇಲೆ ಮಂಡಕ್ಕಿ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದಳು.

"ಅವ್ವಾ, ಇವಗ ಜ್ವರ ಬಂದಾಗ ನನ್ನನ್ನ ಯಾಕೋಬ ಮಾಡಿದ್ದಿ. ನೆನಪೈತೇನು?"

"ಐತಿ."

"ನಾ ಸಾಯಬಹುದಿತ್ತು ಅಂತ ಅನ್ನಸ್ಲಿಲ್ಲ ನಿನಗ?"

ಅವಳು ಮಂಡಕ್ಕಿಯಲ್ಲಿದ್ದ ಮೆಣಸಿನಕಾಯಿ ಆರಿಸಿ ಪಕ್ಕಕ್ಕಿಟ್ಟಳು. ಅಲ್ಲಗಳೆಯುತ್ತಾಳೆ ಎಂದುಕೊಂಡಿದ್ದೆ, ಅಲ್ಲಗಳೆಯಲೆಂದೇ ಕೇಳಿದ್ದೆನೇನೋ.

"ಅನ್ನಿಸಿತ್ತು. ನಿನಗ ಹತ್ತು ವರ್ಷ ಆಗಿದ್ವು. ಓಡಾಕ ಬರ್ತಿತ್ತು. ಕೂಸಿಗೆ ಇನ್ನಾ ಕುಂದ್ರಾಕೂ ಬರ್ತಿದ್ದಿಲ್ಲ."

ಅಷ್ಟರಲ್ಲಿ ಗುಮಾಸ್ತ, ಜೇಮ್ಸ್, ಯಾರ್ರೀ ಜೇಮ್ಸ್ ಎಂದು ಕೂಗಿದ. ತಮ್ಮ ಇನ್ನೂ ಬಂದಿರಲಿಲ್ಲ. ನಾನು ಎಂದಿನಂತೆ ತಡೆದೆ. ಅವ್ವ ಮಂಡಕ್ಕಿ ಪೊಟ್ಟಣ ಹಿಡಿದೇ ಎದ್ದು ನಿಂತು ಓ ಎಂದಳು. ಸಾಲಿನಲ್ಲಿದ್ದ ಹುಡುಗರು ನಕ್ಕರು.

"ನೀವೇನಮ್ಮಾ ಜೇಮ್ಸು?"

"ನಮ್ಮ ಹುಡುಗ ಬರ್ತಾನ್ರೀ, ಸ್ವಲ್ಪ ತಡೀರಿ" ಎಂದು ಕೂತಳು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದಳು.

"ಆವತ್ತೂ ಹಿಂಗ. ಕಡೀ ದಿನಾ ಕರದ್ರ ನೀ ಓ ಅನ್ಲಿಲ್ಲ. ಎಮ್ಮಿ ಹಿಂದ ಕುಂತಿದ್ದಿ, ನಿನ್ನ ಕಾಲ ಕಾಣತಿದ್ವು. ಕರದ ಹೆಸರು ಹಂಗ ಬಿಡಬಾರ್ದು, ಯಾರರ ಓ ಅನ್ನಬೇಕು. ನಾನ ಅಂದೆ."

"ಏನಂದಿ?"

"ಓ ಅಂದೆ. ಎರಡ ಸಲ ಅಂದೆ, ಬಂದದ್ದಕ್ಕ ಕೇಳಸ್ಲಿಲ್ಲಂದ್ರ ಅಂತ."

ನಿಜವೇ ಎಂದು ನಾನು ಕೇಳಲಿಲ್ಲ. ನನ್ನ ನೆನಪಿನ ಆ ಮಧ್ಯಾಹ್ನದಲ್ಲಿ ಅವಳ ಓ ಎಲ್ಲಿಯೂ ಇಲ್ಲ. ಇರಲು ಸಾಧ್ಯವೂ ಇಲ್ಲ, ಕಿವಿ ಮುಚ್ಚಿಕೊಂಡಿದ್ದೆ. ಇಷ್ಟು ವರ್ಷದ ಮೇಲೆ ನನ್ನ ಸಮಾಧಾನಕ್ಕೆಂದು ಆ ಕ್ಷಣದಲ್ಲಿ ಹೊಸೆದ ಮಾತೂ ಇರಬಹುದು. ಅವಳು ಉಳಿದ ಮಂಡಕ್ಕಿಯನ್ನು ನನ್ನ ಕೈಗೆ ಸುರಿದಳು. ಓಣಿಯಲ್ಲಿ ಯಾರೂ ಇಲ್ಲದ ಬಿಸಿಲಿನಲ್ಲಿ, ಏನೂ ಬರೆಯದ ಬಾಗಿಲಿನಲ್ಲಿ ಒಬ್ಬಳೇ ನಿಂತು, ತಾನೇ ಕರೆದು, ತಾನೇ ಓಗೊಟ್ಟು, ಏನಾಗುತ್ತದೋ ಎಂದು ಕಾಯುತ್ತಿದ್ದ ಇಪ್ಪತ್ತೆಂಟೋ ಮೂವತ್ತೋ ವರ್ಷದ ಹೆಂಗಸನ್ನು ನಾನು ಮೊದಲ ಸಲ ಕಂಡೆ. ಅಲ್ಲಿಯವರೆಗೆ ಆ ಮಧ್ಯಾಹ್ನ ನನಗಾಗಿ ಹೆದರಿದ್ದೆ, ತಮ್ಮನಿಗಾಗಿ ಹೆದರಿದ್ದೆ. ಹರಪನಹಳ್ಳಿಯ ಆ ಬೆಂಚಿನ ಮೇಲೆ, ಮುಷ್ಟಿ ತುಂಬ ಮಂಡಕ್ಕಿ ಹಿಡಿದು, ಅವಳಿಗಾಗಿ ಹೆದರಿಕೆಯಾಯಿತು.